ಹವಾಮಾನ ಬದಲಾವಣೆಗೆ ಮನುಷ್ಯನೇ ಕಾರಣ ಅಂದರೆ ಅಮೆರಿಕದಲ್ಲಿ ಇಷ್ಟೊಂದು ಜನ ಏಕೆ ನಂಬುವುದಿಲ್ಲ?

ವಿಜ್ಞಾನ ಅರ್ಥವಾಗದೆ ನಂಬುತ್ತಿಲ್ಲ ಅನ್ನುವುದು ಅರ್ಧ ಉತ್ತರ. ಅಲ್ಲಿ ಈ ಅನುಮಾನವನ್ನು ದುಡ್ಡು ಸುರಿದು ಬೆಳೆಸಲಾಗಿದೆ. ಕಲ್ಲಿದ್ದಲು, ಪೆಟ್ರೋಲ್ ಸುಡುವುದರಿಂದ ಭೂಮಿಯ ಹವೆಯೇ ಬದಲಾಗಬಹುದು ಎಂದು ಎಕ್ಸಾನ್ ತೈಲ ಕಂಪನಿಗೆ ಅದರದೇ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1977ರಲ್ಲೇ ತಿಳಿಸಿದ್ದರು. 1988ರಲ್ಲಿ ನಾಸಾದ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿದೆ ಎಂದು ಸಾರಿದರು. ಮರುವರ್ಷವೇ ತೈಲ, ಕಲ್ಲಿದ್ದಲು, ಕಾರು ಉದ್ಯಮಗಳು ಸೇರಿ ಗ್ಲೋಬಲ್ ಕ್ಲೈಮೇಟ್ ಕೊಅಲಿಷನ್ ಎಂಬ ಕೂಟ ಕಟ್ಟಿದವು. ಅವರಿಗೆ ವಾದ ಗೆಲ್ಲಬೇಕಿರಲಿಲ್ಲ, ಇನ್ನೂ ಏನೂ ತೀರ್ಮಾನವಾಗಿಲ್ಲ ಅಂತ ಜನಕ್ಕೆ ಅನ್ನಿಸಿದರೆ ಸಾಕಿತ್ತು. ಆಮೇಲೆ ಈ ಅನುಮಾನ ರಿಪಬ್ಲಿಕನ್ ಪಕ್ಷದ ಗುರುತೇ ಆಯಿತು. 2015ರಲ್ಲಿ ಆ ಪಕ್ಷದ ಸೆನೆಟರ್ ಜೇಮ್ಸ್ ಇನ್‌ಹೋಫ್ ಸೆನೆಟ್‌ಗೆ ಹಿಮದ ಉಂಡೆ ಹಿಡಿದು ಬಂದು ಹೊರಗೆ ಎಷ್ಟು ಚಳಿ ನೋಡಿ ಎಂದರು! (ಒಂದು ದಿನದ ಚಳಿಗೂ ದಶಕಗಳ ಸರಾಸರಿಗೂ ಏನು ಸಂಬಂಧವೋ.)

ಹಾಗಂತ ಪ್ರಶ್ನೆ ಕೇಳುವವರೆಲ್ಲ ದಡ್ಡರಲ್ಲ. ಹಿಂದೆಯೂ ಹವಾಮಾನ ಬದಲಾಗಿತ್ತು, ಇದು ಸೂರ್ಯನ ಕೆಲಸ ಯಾಕಿರಬಾರದು ಅನ್ನುವುದು ನ್ಯಾಯವಾದ ಪ್ರಶ್ನೆ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಆದರೆ ಆ ಪದರ, ಅಂದರೆ ಸ್ಟ್ರಾಟೋಸ್ಫಿಯರ್, ತಣ್ಣಗಾಗುತ್ತಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಇಂಥದೇ ಅನುಮಾನ ಇಟ್ಟುಕೊಂಡು ಹಳೆಯ ತಾಪಮಾನ ದಾಖಲೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಅದಕ್ಕೆ ಬಂದ ಹಣದಲ್ಲಿ ಒಂದು ಪಾಲು ತೈಲ ವ್ಯವಹಾರದ ಕೋಕ್ ಕುಟುಂಬದ ಪ್ರತಿಷ್ಠಾನದ್ದು. 2012ರಲ್ಲಿ ಮುಲ್ಲರ್ ಅವರೇ, ಇದು ಹೆಚ್ಚುಕಮ್ಮಿ ಪೂರ್ತಿ ಮನುಷ್ಯನದೇ ಕೆಲಸ ಎಂದು ಬರೆದರು.