ಕಡ್ಡಿ ಮೆಣಸಿನಕಾಯಿಯ ಒತ್ತು

ಪತ್ರ: ಸಂಪಾದಕರಿಗೆ ನಮಸ್ಕಾರ. ಬ್ಯಾಡಗಿಯಲ್ಲಿ ನಮ್ಮದು ಸಣ್ಣ ಖಾರದಪುಡಿ ಗಿರಣಿ. ನಮ್ಮ ಮೆಣಸಿನಕಾಯಿಯಲ್ಲಿ ಎರಡು ಬಗೆ. ಡಬ್ಬಿ ಕಾಯಿ ದಪ್ಪ, ಬಣ್ಣ ಗಾಢ, ಖಾರ ಕಡಿಮೆ. ಕಡ್ಡಿ ಉದ್ದ, ಮೈತುಂಬ ಸುಕ್ಕು. ಎರಡನ್ನೂ ಬೇರೆ ಬೇರೆ ಪುಡಿ ಮಾಡಿ ಪ್ಯಾಕೆಟ್ ಕಟ್ಟಿ ಮಾರುತ್ತೇವೆ. ಈಗ ವೆಬ್‌ಸೈಟು ಮಾಡಿಸಬೇಕೆಂದಿದ್ದೇವೆ. ಸ್ವತಂತ್ರವಾಗಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬ ಐದು ಪುಟಕ್ಕೆ 22,000 ರೂಪಾಯಿ ಹೇಳಿದ್ದಾನೆ. ಕನ್ನಡದಲ್ಲೂ ಬೇಕಾದರೆ ಇನ್ನೂ 6,000. ಅದು ಹೆಚ್ಚಾಯಿತೇನೋ ಅನ್ನಿಸುತ್ತದೆ. ಬೆಂಗಳೂರಿನ ಕಂಪನಿಯೊಂದು 90,000 ಕೇಳಿದೆ. ಹುಡುಗ 'ಡೊಮೇನ್, ಹೋಸ್ಟಿಂಗ್ ಎಲ್ಲಾ ನಾನ ನೋಡ್ಕೋತೀನ್ರೀ, ನಿಮಗ್ಯಾಕ ತ್ರಾಸು' ಅನ್ನುತ್ತಾನೆ. ಮಗ 'ಕನ್ನಡ ಯಾಕ ಬೇಕು, ಗಿರಾಕಿ ಎಲ್ಲಾ ಹೊರಗಿನವ್ರು' ಅನ್ನುತ್ತಾನೆ. ಯಾರ ಮಾತು ಕೇಳಲಿ? ಹುಡುಗ ಮಾಡಿದ ಮಾದರಿ ಪುಟದ ಚಿತ್ರವನ್ನು ಜೊತೆಗಿಟ್ಟಿದ್ದೇನೆ.
ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ:

ಸಾವಕಾರರೇ, ನಿಮ್ಮ ಮಗನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಮುಂಬೈ, ಪುಣೆಯ ಗಿರಾಕಿಗೆ ಇಂಗ್ಲಿಷ್ ಪುಟ ಬೇಕು, ಇರಲಿ. ಬೆಂಗಳೂರಿನ ಕಂಪನಿಯಿಂದಲೂ ಒಂದು ಅನುಕೂಲವಿದೆ. ಒಬ್ಬ ಕೆಲಸ ಬಿಟ್ಟರೆ ಮತ್ತೊಬ್ಬ ಆ ಕುರ್ಚಿಗೆ ಬರುತ್ತಾನೆ. ಆದರೂ ಐದು ಪುಟದ ಈ ಕೆಲಸ ಹುಬ್ಬಳ್ಳಿಯ ಹುಡುಗನಿಗೇ ಸಲ್ಲಬೇಕು. ಅವನು ಬಸ್ಸು ಹತ್ತಿ ಬಂದು ಗಿರಣಿ ನೋಡಬಲ್ಲ, ಡಬ್ಬಿ ಯಾವುದು ಕಡ್ಡಿ ಯಾವುದು ಎಂದು ಕೈಯಲ್ಲಿ ಹಿಡಿದು ತಿಳಿಯಬಲ್ಲ, ಹರವಿದ ಕಾಯಿಯ ಫೋಟೋವನ್ನು ಬೆಳಗಿನ ಬಿಸಿಲಲ್ಲಿ ತೆಗೆಯಬಲ್ಲ. ಗಿರಣಿಯನ್ನೇ ನೋಡದವರು ಎಲ್ಲಿಯದೋ ಮೆಣಸಿನಕಾಯಿಯ ಚಿತ್ರ ಅಂಟಿಸಿದರೆ, ನಮ್ಮ ಕಾಯಿ ಬಲ್ಲ ಗಿರಾಕಿ ಒಂದೇ ನೋಟಕ್ಕೆ ಹಿಡಿಯುತ್ತಾನೆ. ಆ ಚಿತ್ರದ ಕಾಯಿಯ ಮೈಮೇಲೆ ಸುಕ್ಕೇ ಇರುವುದಿಲ್ಲ.

ಕೆಲಸ ಅವನಿಗೆ ಕೊಡಿ, ಹೆಸರನ್ನು ಮಾತ್ರ ಕೊಡಬೇಡಿ. 'ನಾನ ನೋಡ್ಕೋತೀನ್ರೀ' ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಡೊಮೇನ್, ಅಂದರೆ ಸೈಟಿನ ಹೆಸರು, ಹೊಲದ ಉತಾರ (ಪಹಣಿ) ಇದ್ದ ಹಾಗೆ. ಬಿತ್ತಿದವರು ಯಾರೇ ಇರಲಿ, ಉತಾರದಲ್ಲಿ ಯಾರ ಹೆಸರಿದೆ ಎಂಬುದೇ ಕೊನೆಗೆ ಕೇಳುವ ಪ್ರಶ್ನೆ. ಡೊಮೇನ್ ಮಾರುವ ಕಂಪನಿಯಲ್ಲಿ ನಿಮ್ಮದೇ ಇ-ಮೇಲ್, ನಿಮ್ಮದೇ ಮೊಬೈಲ್ ನಂಬರಿನಿಂದ ಖಾತೆ ತೆರೆಯಿರಿ. ಹುಡುಗ ಪಕ್ಕದಲ್ಲಿ ಕೂತು ಹೇಳಿಕೊಡಲಿ, ಓಟಿಪಿ ನಿಮ್ಮ ಫೋನಿಗೇ ಬರಲಿ. 'ರಿಜಿಸ್ಟ್ರಂಟ್' (ಹೆಸರಿನ ಒಡೆಯ) ಎಂದಿರುವ ಜಾಗದಲ್ಲಿ ನಿಮ್ಮ ಹೆಸರೋ ಗಿರಣಿಯ ಹೆಸರೋ ಇರಬೇಕು. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೇ ವರ್ಷದ ನವೀಕರಣ ದರ ಕೇಳಿ, ಆಗುವುದಾದರೆ ಮೂರು ವರ್ಷದ್ದನ್ನು ಒಮ್ಮೆಲೇ ಕಟ್ಟಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲೇ ಉಳಿಸಿಕೊಳ್ಳಬಹುದು. ಆಮೇಲಿನ 30 ದಿನದಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಅದೂ ದಾಟಿದರೆ ಇನ್ನು 5 ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ನವೀಕರಣದ ಎಚ್ಚರಿಕೆಯೆಲ್ಲ ಹುಡುಗನ ಇ-ಮೇಲಿಗೆ ಹೋಗುತ್ತಿದ್ದು, ಅವನು ಅಷ್ಟರಲ್ಲಿ ಪುಣೆಯಲ್ಲಿ ನೌಕರಿ ಹಿಡಿದಿದ್ದರೆ, ಸೈಟು ಕಾಣೆಯಾದ ಮೇಲೆಯೇ ನಿಮಗೆ ಸುದ್ದಿ. ಈಗಾಗಲೇ ಅವನ ಖಾತೆಯಲ್ಲಿ ಕೊಂಡಿದ್ದರೆ ವರ್ಗಾವಣೆ ಕೋಡ್ ಪಡೆದು ನಿಮ್ಮ ಖಾತೆಗೆ ತನ್ನಿ. ಹೊಸದಾಗಿ ಕೊಂಡ ಡಾಟ್ ಕಾಮ್ ಹೆಸರನ್ನು ಬೇರೆ ಕಂಪನಿಗೆ ಒಯ್ಯಲು 60 ದಿನ ಕಾಯಬೇಕಾಗುತ್ತದೆ.

ಸೈಟಿನ ಪುಟಗಳನ್ನು ಇಡುವ ಹೋಸ್ಟಿಂಗ್ ಖಾತೆಗೂ ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ಗುರುತಿಗೂ ಇದೇ ನಿಯಮ. ಮಾಲೀಕರು ನೀವು, ಹುಡುಗನಿಗೆ ಮ್ಯಾನೇಜರ್ ಹಕ್ಕು ಸಾಕು. ಸೈಟಿನ ಸಂಪರ್ಕವನ್ನು ಭದ್ರಗೊಳಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ವರ್ಷಕ್ಕಿಷ್ಟು ಎಂದು ಬೇರೆ ಬಿಲ್ಲು ಹಾಕಿದರೆ ಕಾರಣ ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ನಿಮ್ಮಂಥ ಸೈಟಿಗೆ ಅಷ್ಟು ಸಾಕು.

ಇನ್ನು ಕರಾರು. ಎರಡು ಪುಟದ ಕಾಗದವಾದರೂ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೋಡ್ ಬರೆದವನೇ ಅದರ ಮೊದಲ ಒಡೆಯ. ಅವನು ನಿಮ್ಮ ನೌಕರನಲ್ಲವಾದ್ದರಿಂದ ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. 19ನೇ ಸೆಕ್ಷನ್ನಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಎಣಿಸುತ್ತದೆ. ಆದ್ದರಿಂದ 'ಕೃತಿಸ್ವಾಮ್ಯದ ಪೂರ್ಣಾವಧಿಗೆ, ಜಗತ್ತಿನಾದ್ಯಂತ' ಎಂದೇ ಬರೆಸಿ.

ನಿಮ್ಮ ಒಟ್ಟು 28,000ದಲ್ಲಿ ಮುಂಗಡ 8,000 ಕೊಡಿ. ವಿನ್ಯಾಸ ಒಪ್ಪಿದ ಮೇಲೆ 8,000, ಸೈಟು ನಿಮ್ಮ ಹೋಸ್ಟಿಂಗಿನಲ್ಲಿ ಓಡಿದ ದಿನ 8,000, ಉಳಿದ 4,000 ಒಂದು ತಿಂಗಳಾದ ಮೇಲೆ. ಆ ಕೊನೆಯ ಕಂತಿಗೆ ಮುಂಚೆ ಎಲ್ಲ ಪಾಸ್‌ವರ್ಡು, ಇಡೀ ಸೈಟಿನ ಬ್ಯಾಕಪ್ಪು ನಿಮ್ಮ ಕೈಗೆ ಬಂದಿರಬೇಕು, ಪುಡಿಯ ದರ ಬದಲಿಸುವುದನ್ನು ಅವನು ನಿಮ್ಮ ಮಗನಿಗೆ ಕಲಿಸಿರಬೇಕು. ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮಾಡುವುದಾದರೆ ಕದ್ದ ಥೀಮ್ (ಸಿದ್ಧ ವಿನ್ಯಾಸ) ಬಳಸಕೂಡದು ಎಂದೂ ಬರೆಯಿರಿ. ಅಂಥವುಗಳೊಳಗೆ ಅನೇಕ ಸಲ ಹುಳುಕು ಕೋಡ್ ಅಡಗಿರುತ್ತದೆ. ನಾಲ್ಕಾರು ತಿಂಗಳಾದ ಮೇಲೆ ಖಾರದಪುಡಿ ನೋಡಲು ಬಂದವರು ಜೂಜಿನ ಪುಟಕ್ಕೆ ಹೋಗಿ ಬೀಳಬಹುದು. ಫೋನಿನಲ್ಲಿ ತೆಗೆದ 4 ಎಂಬಿ ಫೋಟೋವನ್ನು ಹಾಗೇ ಏರಿಸದೆ 200 ಕೆಬಿಯೊಳಗೆ ಇಳಿಸಲಿ. ಅಗ್ಗದ ಫೋನ್ ಒಂದನ್ನು ಹಿಡಿದು, ವೈಫೈ ಆರಿಸಿ, ಮಾರ್ಕೆಟ್ ಯಾರ್ಡಿನಲ್ಲಿ ನಿಂತು ಸೈಟು ತೆರೆದು ನೋಡಿ.

ಹುಡುಗನ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಇಂಥ ಕೆಲಸ ತಡವಾಗುವುದು ಅನೇಕ ಸಲ ಸಾವಕಾರರಿಂದಲೇ. ಫೋಟೋ ಇಂದು ನಾಳೆ ಎನ್ನುತ್ತ ಮೂರು ತಿಂಗಳು ಕಳೆಯುತ್ತದೆ, ಹುಡುಗ ಬೇರೆ ಕೆಲಸ ಹಿಡಿಯುತ್ತಾನೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಪ್ರೆಸ್ಸುಗಳ ಹಳೆಯ ಶಿಸ್ತು ಇಲ್ಲಿಗೆ ಸರಿಹೊಂದುತ್ತದೆ: ಗಿರಾಕಿ ಪ್ರೂಫಿಗೆ ಸಹಿ ಹಾಕಿದ ಮೇಲೆ ಆಗುವ ಬದಲಾವಣೆಗೆ ಬೇರೆ ದುಡ್ಡು. ಎರಡು ಸಲದ ತಿದ್ದುಪಡಿ ಒಪ್ಪಂದದಲ್ಲೇ ಸೇರಿರಲಿ, ಮೂರನೆಯದಕ್ಕೆ ಅವನಿಗೆ ಕೂಲಿ ಕೊಡಿ.

ಈಗ ಆ 6,000ದ ವಿಚಾರ. ಇದನ್ನು ಹೆಚ್ಚಾಯಿತು ಅಂದಿರಲ್ಲ, ಅಲ್ಲೇ ನನ್ನ ತಕರಾರು. ಅಂಗಡಿಯ ಮುಂದೆ ಗ್ರಾನೈಟು ಹಾಸಲು, ಹೊಳೆಯುವ ಬೋರ್ಡು ಹಾಕಲು ನಮ್ಮ ವ್ಯಾಪಾರಸ್ಥರು ಲೆಕ್ಕ ನೋಡುವುದಿಲ್ಲ. ನಾಲ್ಕು ಪುಟ ಕನ್ನಡ ಬರೆಯಬೇಕಾದಾಗ ಮಾತ್ರ 'ಅದರಾಗ ಏನೈತ್ರೀ, ಮೊಬೈಲ್ನಾಗ ಅನುವಾದ ಆಗತೈತಲ್ಲ' ಎನ್ನುತ್ತಾರೆ. ಯಂತ್ರದ ಅನುವಾದವನ್ನು ಯಾರೂ ಓದಿ ನೋಡದಿದ್ದರೆ ಮುಖಪುಟಕ್ಕೆ ಬಳಸಿದ 'ಹೋಮ್' ಎಂಬುದು 'ಮನೆ' ಆಗಬಹುದು, ಖಾರಕ್ಕೆ ಬಳಸಿದ 'ಹಾಟ್' ಎಂಬುದು 'ಬಿಸಿ' ಆಗಬಹುದು. ಬಿಸಿ ಮೆಣಸಿನಪುಡಿಯನ್ನು ಬ್ಯಾಡಗಿಯವರು ಮಾರಬೇಕೇ?

ಬರಹಗಾರರನ್ನು ಹುಡುಕಿ ನೀವು ದೂರ ಹೋಗಬೇಕಿಲ್ಲ. ಡಬ್ಬಿಗೂ ಕಡ್ಡಿಗೂ ಇರುವ ವ್ಯತ್ಯಾಸವನ್ನು ಪತ್ರದಲ್ಲಿ ಎರಡೇ ಸಾಲಿನಲ್ಲಿ ಹೇಳಿದ್ದೀರಿ. ಅದೇ ನಿಮ್ಮ ಮೊದಲ ಪುಟ, ಒಂದಕ್ಷರ ಬದಲಿಸಬೇಡಿ. ಯಾವ ಪುಡಿ ಯಾವ ಅಡುಗೆಗೆ, ಬಣ್ಣಕ್ಕೆ ಎಷ್ಟು, ಖಾರಕ್ಕೆ ಇನ್ನೇನು ಬೆರೆಸಬೇಕು ಎಂಬುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿ ಬರೆದುಕೊಳ್ಳಿ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಮಾಡಿಸಿ. ಇಂಗ್ಲಿಷ್ ಪುಟಕ್ಕೂ ಆಗ ಜೀವ ಬರುತ್ತದೆ.

ಗಿರಾಕಿ ಹೊರಗಿನವನು ಎಂಬ ಮಾತನ್ನೂ ನೋಡೋಣ. ಇಂಗ್ಲಿಷಿನಲ್ಲಿ ನಿಮ್ಮ ಊರಿನ ಹೆಸರಿನ ನಡುವೆ ಕೆಲವರು 'ಎ' ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಮರಾಠಿಯವರ ಬಾಯಲ್ಲಿ ಅದು 'ಬೇಡಗಿ'. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ಕ್ಕೆ ಬದಲಾದರೂ ಹಳೆಯದನ್ನೇ ಟೈಪು ಮಾಡುವವರು ಇನ್ನೂ ಇದ್ದಾರೆ. ಇಂಗ್ಲಿಷ್ ಪುಟದಲ್ಲಿ ಬ್ಯಾಡಗಿಯ ಈ ಎಲ್ಲ ರೂಪಗಳೂ ಒಂದೊಂದು ಸಲ ಬರಬೇಕು, ಡೊಮೇನನ್ನೂ ಎರಡು ಕಾಗುಣಿತದಲ್ಲಿ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬೇಕು. ಕನ್ನಡದಲ್ಲಿ ಈ ಗೊಂದಲ ಕಡಿಮೆ. ಫೋನಿನ ಮೈಕು ಒತ್ತಿ 'ಬ್ಯಾಡಗಿ ಖಾರದಪುಡಿ' ಎಂದು ಕೇಳುವ ದಾವಣಗೆರೆಯ ತಾಯಿಯೂ ನಿಮ್ಮ ಗಿರಾಕಿಯೇ.

ಆದರೆ ಆ ಕನ್ನಡ ಯುನಿಕೋಡಿನಲ್ಲೇ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲೇ, ಇರಬೇಕು. ಪ್ಯಾಕೆಟ್ಟಿನ ಮೇಲಿನ ಬರಹವನ್ನು ಫೋಟೋ ಮಾಡಿ ಅಂಟಿಸಿದರೆ ಹುಡುಕಿದವರಿಗೆ ಅದು ಸಿಗುವುದು ಕಷ್ಟ, ಕುರುಡರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು. ಪ್ರೆಸ್ಸಿನವರು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿಕೊಟ್ಟದ್ದನ್ನು ನೇರ ತಂದು ಸುರಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಸಿ, ಆಮೇಲೆ ಒಬ್ಬರು ಕೂತು ಓದಲಿ. ಅರ್ಕಾವೊತ್ತಿನ ಪದ ಮತ್ತು ಅಂಕಿಗಳನ್ನು ವಿಶೇಷವಾಗಿ ನೋಡಿ, ತಪ್ಪು ಅಲ್ಲೇ ಸೇರಿಕೊಳ್ಳುತ್ತದೆ. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಇಷ್ಟು ವರ್ಷದ ಮೇಲೂ ನಮ್ಮ ಊರಿನ ಅಂಗಡಿಗಳ ಕನ್ನಡ ಚಿತ್ರದೊಳಗೇ ಸಿಕ್ಕಿಕೊಂಡಿರುವುದಕ್ಕೆ ಯಂತ್ರವನ್ನು ದೂರುವಂತಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಈ ಭಾಗದಲ್ಲಿ ಮರಾಠಿಯದೇ ದರ್ಬಾರು. ಅಂಥ ಕಾಲದಲ್ಲಿ ಉಳಿಸಿಕೊಂಡ ಅಕ್ಷರ ಇದು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು ಈಗ ಕಾಯ್ದೆಯೇ ಹೇಳುತ್ತದೆ. ವೆಬ್‌ಸೈಟಿಗೂ ಕಾಯ್ದೆ ಬರಲಿ ಎಂದು ಕಾಯುವುದೇಕೆ?

ನಿಮ್ಮ ಮಾದರಿ ಪುಟದಲ್ಲಿ ಊರಿನ ವಿಶೇಷ ಬೆಳೆಗೆ ಸಿಗುವ ಭೌಗೋಳಿಕ ಸೂಚಕದ (ಜಿಐ) ಮುದ್ರೆ ಕಂಡೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಆ ಮಾನ್ಯತೆ ಸಿಕ್ಕಿದ್ದು ನಿಜ. ಆದರೆ ಮುದ್ರೆ ಬಳಸಲು ಅಧಿಕೃತ ಬಳಕೆದಾರರೆಂದು ನೀವು ನೋಂದಾಯಿಸಿಕೊಂಡಿರಬೇಕು. ಇಲ್ಲವಾದರೆ ಈಗಲೇ ತೆಗೆಸಿ. ಆ ಜಾಗದಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಲಿ.

ಅದೇ ಪುಟದ ಮೇಲ್ಗಡೆ ಎರಡು ಸಾಲು ಕನ್ನಡವಿದೆ. ಹುಡುಗ ಇಂಗ್ಲಿಷಿನ ಅಳತೆಗೆ ಸಾಲಿನ ಎತ್ತರ ಇಟ್ಟಿದ್ದಾನೆ, ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗಿವೆ. 'ಕಡ್ಡಿ' ಎಂಬುದು 'ಕಡಿ' ಎಂದೂ 'ಡಬ್ಬಿ' ಎಂಬುದು 'ಡಬಿ' ಎಂದೂ ಕಾಣುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟಿಗೆ ಏರಿಸಲು ಹೇಳಿ. ಅಕ್ಷರಗಳ ನಡುವೆ ಹೆಚ್ಚಿನ ಅಂತರ ಬೇಡ. ನೋಟೋ ಸಾನ್ಸ್ ಕನ್ನಡದಂಥ ಪುಕ್ಕಟೆ ಫಾಂಟನ್ನು ಸೈಟಿಗೇ ಜೋಡಿಸಲಿ, ಇಲ್ಲದಿದ್ದರೆ ಒಂದೊಂದು ಫೋನಿನಲ್ಲಿ ಒಂದೊಂದು ರೂಪ ಕಾಣುತ್ತದೆ. ಅರ್ಧ ತಾಸಿನ ಕೆಲಸ. ಇದನ್ನು ಸರಿಮಾಡಿ ತೋರಿಸಿದ ದಿನ ಅವನಿಗೆ ಮುಂಗಡದ 8,000 ಕೊಡಿ.