ಇಳಿದ ಅಂಕಿ, ಉಳಿದ ಸಂಶಯ

ಮಾನ್ಯರೇ,

ಇತರ ಓದುಗರಿಗೂ ತಿಳಿಯಲೆಂದು ತಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇವೆ. ತಮಗೆ 67 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತದೆಂದು ವೈದ್ಯರಲ್ಲಿಗೆ ಹೋದಾಗ ರಕ್ತದ ಪಿಎಸ್‌ಎ (ಪುರುಷರ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನ್, ಏರಿದರೆ ಕ್ಯಾನ್ಸರಿನ ಸಂಶಯ ಬರುತ್ತದೆ) 7.8 ಇತ್ತು. ಎಂಆರ್‌ಐ ಮಾಡಿಸಿದಾಗ ಪ್ರಾಸ್ಟೇಟ್ ಗ್ರಂಥಿಯಲ್ಲಿ 'ಪೈರ್ಯಾಡ್ಸ್ 4' ದರ್ಜೆಯ, ಅಂದರೆ ಸಂಶಯಕ್ಕೆ ಎಡೆಗೊಡುವ, ಮಚ್ಚೆಯೊಂದು ಕಂಡಿತು. ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆಂದು ಗ್ರಂಥಿಯಿಂದ ಸೂಜಿಯಲ್ಲಿ ತೆಗೆದ 12 ತುಣುಕುಗಳಲ್ಲಿ, ಕ್ಯಾನ್ಸರ್ ಸಿಗಲಿಲ್ಲ. ಎಂಟು ತಿಂಗಳ ಬಳಿಕ ಪಿಎಸ್‌ಎ 4.2ಕ್ಕೆ ಇಳಿಯಿತು. ಒಬ್ಬ ವೈದ್ಯರು ನಿಶ್ಚಿಂತರಾಗಿರಿ ಎಂದಿದ್ದಾರೆ, ಇನ್ನೊಬ್ಬರು ಮತ್ತೊಮ್ಮೆ ಬಯಾಪ್ಸಿ ಆಗಲಿ ಎಂದಿದ್ದಾರೆ. ಯಾರನ್ನು ನಂಬುವುದು ಎಂಬುದು ತಮ್ಮ ಪ್ರಶ್ನೆ.

ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, "ಅಂದಿನಿಂದ ಮೂತ್ರದ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ" ಎಂದು ತಾವು ಬರೆದಿರುವ ಒಂದು ಸಾಲು ನಮಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ. ಮೂತ್ರದ ಹಾದಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಒಂದೇ ಇದ್ದರೆ ಅದು ಪಿಎಸ್‌ಎಯನ್ನು ಇಳಿಸುವುದಿಲ್ಲ. ಆದರೆ ಅದರ ಜೊತೆಗೆ ಗ್ರಂಥಿಯನ್ನು ಕುಗ್ಗಿಸುವ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಸೇರಿದ್ದರೆ (ಎರಡು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಿ ಕೊಡುವುದು ನಮ್ಮಲ್ಲಿ ಸಾಮಾನ್ಯ) ಆರು ತಿಂಗಳು ದಾಟುವ ಹೊತ್ತಿಗೆ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಹಾಗಿದ್ದಲ್ಲಿ ತಮ್ಮ 4.2ನ್ನು ಇಮ್ಮಡಿಸಿ 8.4 ಎಂದೇ ಓದಬೇಕಾಗುತ್ತದೆ; ಇಳಿದಿದ್ದು ಅಂಕಿ ಮಾತ್ರ. ಇದಕ್ಕೆ ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಇನ್ನೊಂದು ಮಾತು: ಏರಿದ ಪಿಎಸ್‌ಎ ಎಲ್ಲವೂ ಕ್ಯಾನ್ಸರ್ ಅಲ್ಲ, ವಯಸ್ಸಿನಿಂದ ಉಬ್ಬಿದ ಗ್ರಂಥಿ, ಮೂತ್ರದ ಸೋಂಕು, ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಇವೂ ಅದನ್ನು ಏರಿಸುತ್ತವೆ.

ಬಯಾಪ್ಸಿಯ ವಿಷಯ ಬೇರೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಪ್ರಾಮಿಸ್' ಅಧ್ಯಯನದಲ್ಲಿ 576 ಪುರುಷರಿಗೆ ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ನೋಡಿ ಮಾಡುವ ಬಯಾಪ್ಸಿ ಎರಡನ್ನೂ ಮಾಡಿ, ಇಡೀ ಗ್ರಂಥಿಯಿಂದ ಒತ್ತೊತ್ತಾಗಿ ತೆಗೆದ ತುಣುಕುಗಳೊಡನೆ ಹೋಲಿಸಲಾಯಿತು. ಚಿಕಿತ್ಸೆಗೆ ಅರ್ಹವಾದಂಥ ಕ್ಯಾನ್ಸರುಗಳಲ್ಲಿ ಎಂಆರ್‌ಐ ಹಿಡಿದದ್ದು ಶೇ. 93, ಸೂಜಿ ಹಿಡಿದದ್ದು ಶೇ. 48. ಅದೇ ಎಂಆರ್‌ಐ ಅಂಥ ಕ್ಯಾನ್ಸರ್ ಇಲ್ಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನೂ ಸಂಶಯದಿಂದ ನೋಡಿತು ಎಂಬುದನ್ನು ಮರೆಯುವಂತಿಲ್ಲ. ಹೀಗಾಗಿ ತಮ್ಮ ಎರಡು ವರದಿಗಳಲ್ಲಿ ಒಂದು ಸುಳ್ಳಾಗಿರಲೇಬೇಕೆಂದಿಲ್ಲ. ಸೂಜಿ ಮಚ್ಚೆಯ ಪಕ್ಕದಲ್ಲಿ ಹಾದುಹೋಗಿರಬಹುದು, ಮಚ್ಚೆ ಬರೀ ಉರಿಯೂತವೂ ಆಗಿರಬಹುದು. ಆ 12ರಲ್ಲಿ ಎಷ್ಟು ತುಣುಕುಗಳನ್ನು ಮಚ್ಚೆಗೇ ಗುರಿಯಿಟ್ಟು ತೆಗೆಯಲಾಯಿತು ಎಂದು ಕೇಳಿ. ಒಂದೂ ಇಲ್ಲವೆಂದಾದರೆ ಎರಡನೆಯ ವೈದ್ಯರ ಮಾತಿನಲ್ಲಿ ಹುರುಳಿದೆ ಎಂಬುದು ನಮ್ಮ ಅಭಿಪ್ರಾಯ, ತೀರ್ಮಾನ ಅವರದೂ ತಮ್ಮದೂ.

ನಿದ್ದೆ ಬರುತ್ತಿಲ್ಲವೆಂದು ಬರೆದಿದ್ದೀರಿ. ಗ್ರಂಥಿಯೊಳಗೇ ಇರುವ ಈ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಸರಿಯಾಗಿ ವಿಚಾರಿಸಲು ಕೆಲವು ವಾರ ಹಿಡಿದರೆ ನಷ್ಟವಾಗುವ ಸಂಭವ ಕಡಿಮೆ. ಹೋಗುವಾಗ ಮಾತ್ರೆಯ ಹಾಳೆಯ ಜೊತೆಗೆ ಎಂಆರ್‌ಐ ಸಿಡಿಯನ್ನೂ ಒಯ್ಯಿರಿ. ಗುರಿಯಿಡುವವರಿಗೆ ಬೇಕಾದದ್ದು ವರದಿಯ ಅಕ್ಷರವಲ್ಲ, ಚಿತ್ರ.

– ಸಂಪಾದಕ