ತಾಯಿ ಕಾರ್ಡಿನ ಜೊತೆಗೆ ಇನ್ನೊಂದು ಹೆಬ್ಬೆಟ್ಟು

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೆಲವು ಹಳ್ಳಿಗಳ ಗರ್ಭಿಣಿಯರಿಗೆ ವಾರಕ್ಕೆರಡು ಸಲ ಫೋನ್ ಮಾಡಿ, ಕಬ್ಬಿಣಾಂಶದ ಮಾತ್ರೆ ನುಂಗಿದಿರಾ ಎಂದು ವಿಚಾರಿಸಲಿದ್ದಾರೆ. ಉಳಿದ ಹಳ್ಳಿಗಳಲ್ಲಿ ಎಂದಿನಂತೆ ಮಾತ್ರೆ ಕೊಟ್ಟು ಬರುತ್ತೇವೆ. ಮೂರು ತಿಂಗಳಾದ ಮೇಲೆ ಎರಡೂ ಕಡೆ ರಕ್ತ ಪರೀಕ್ಷಿಸಿ ಹೋಲಿಸಿ, ಲೇಖನವಾಗಿ ಪ್ರಕಟಿಸುವ ಯೋಚನೆ ಅವರಿಗಿದೆ. ಇಲಾಖೆಯ ಕಾರ್ಯಕ್ರಮವಾದ್ದರಿಂದ ಯಾವ ಸಮಿತಿಯ ಅನುಮತಿಯೂ ಬೇಡವಂತೆ. ಆದರೂ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು ಬರಲು ನನಗೆ ಹೇಳಿದ್ದಾರೆ. ಹೆಂಗಸರು ಓದಿಸಿಕೊಳ್ಳುವುದೇ ಇಲ್ಲ. ‘ನೀನ್ ಹೇಳುದ್ಮೇಲೆ ಇನ್ನೇನಕ್ಕಾ, ಕೊಡಿಲ್ಲಿ ಒತ್ತೀನಿ’ ಎನ್ನುತ್ತಾರೆ. ನಾನು ಮಾಡುತ್ತಿರುವುದು ಸರಿಯೇ?
– ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ಕಡತದ ಮೇಲೆ ಕಾರ್ಯಕ್ರಮವೆಂದು ಬರೆದ ಮಾತ್ರಕ್ಕೆ ಸಂಶೋಧನೆಯು ಸಂಶೋಧನೆಯಾಗದೆ ಹೋಗುವುದಿಲ್ಲ. ಸರ್ಕಾರಿ ಸಂಸ್ಥೆಗಳು ತಮ್ಮ ಕಾರ್ಯಕ್ರಮವನ್ನು ಸುಧಾರಿಸಿಕೊಳ್ಳುವುದಕ್ಕಷ್ಟೇ ನಡೆಸುವ ಮೌಲ್ಯಮಾಪನಕ್ಕೆ, ಅದರಲ್ಲಿ ವ್ಯಕ್ತಿಗಳ ಗುರುತು ಹತ್ತುವ ವಿವರಗಳಿಲ್ಲದಿದ್ದರೆ, ಸಂಶೋಧನೆಗೆ ಒಳಗಾಗುವವರ ಹಿತ ಕಾಯುವ ನೈತಿಕ ಸಮಿತಿಯ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮಲ್ಲಾದರೋ ಹಳ್ಳಿಗಳನ್ನು ಎರಡು ಪಾಲು ಮಾಡಿ, ಹೋಲಿಕೆಗೆಂದೇ ರಕ್ತ ತೆಗೆದು, ಹೆಸರು ಮತ್ತು ಫೋನ್ ನಂಬರನ್ನು ಇಟ್ಟುಕೊಂಡು, ಫಲಿತಾಂಶವನ್ನು ಪ್ರಕಟಿಸುವ ಉದ್ದೇಶವಿದೆ. ವಿನಾಯಿತಿ ಕೊಡಬಹುದೇ, ತ್ವರಿತ ಪರಿಶೀಲನೆ ಸಾಕೇ ಎಂಬುದನ್ನು ಕೂಡ ಸಮಿತಿಯೇ ತೀರ್ಮಾನಿಸಬೇಕೆಂದು ಅದೇ ಮಾರ್ಗಸೂಚಿ ಹೇಳುವುದರಿಂದ, ಅಧ್ಯಯನ ನಡೆಸುವವರು ತಮಗೆ ತಾವೇ ವಿನಾಯಿತಿ ಕೊಟ್ಟುಕೊಳ್ಳುವಂತಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಸಮಿತಿಗಳಿರುತ್ತವೆ. ನಿಮ್ಮ ವೈದ್ಯಾಧಿಕಾರಿಗಳು ಮಂಡ್ಯದ ಮಿಮ್ಸ್‌ನಲ್ಲಿ ವಿಚಾರಿಸಬಹುದು.

ಹೆಸರಿನ ಮರೆಯಲ್ಲಿ ಎಂಥ ಅನಾಹುತವಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹೆಣ್ಣುಮಕ್ಕಳಿಗೆ ‘ಪ್ರಾತ್ಯಕ್ಷಿಕೆ ಯೋಜನೆ’ ಎಂಬ ಹೆಸರಿನಲ್ಲಿ ಹಾಕಲಾಯಿತು. ಖಮ್ಮಂನಲ್ಲಿ ಎಷ್ಟೋ ಬುಡಕಟ್ಟು ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಿದ್ಯಾರ್ಥಿನಿಲಯದ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದು ಒಳ್ಳೆಯ ಲಸಿಕೆಯೇ. ಒಪ್ಪಿಗೆಯ ವಿಷಯದಲ್ಲಿ ಅವಸರಪಟ್ಟದ್ದರಿಂದ ಒಳ್ಳೆಯ ಲಸಿಕೆಯನ್ನೂ ಜನ ಅನುಮಾನದಿಂದ ನೋಡುವಂತಾಯಿತು ಎಂಬುದೇ ನನ್ನ ಸಂಕಟ.

ಇನ್ನು ಹೆಬ್ಬೆಟ್ಟಿನ ವಿಚಾರ. ಆ ಹೆಂಗಸರು ಒತ್ತುತ್ತಿರುವುದು ಅಧ್ಯಯನಕ್ಕಲ್ಲ, ನಿಮ್ಮ ಮೇಲಿನ ವಿಶ್ವಾಸಕ್ಕೆ. ಹೆರಿಗೆಗೆ ಜೊತೆಯಲ್ಲಿ ಹೋದವರು, ಮಗುವಿಗೆ ಲಸಿಕೆ ಹಾಕಿಸಿದವರು ನೀವು. ನಿಮಗೆ ‘ಬೇಡಕ್ಕ’ ಎನ್ನುವುದು ಅವರಿಗೆ ಸುಲಭವಲ್ಲ. ಆದುದರಿಂದ ವಿವರಿಸಿ ಒಪ್ಪಿಗೆ ಕೇಳುವ ಕೆಲಸವನ್ನು, ಸಾಧ್ಯವಾದ ಮಟ್ಟಿಗೆ, ಅವರ ಆರೈಕೆಯ ಹೊಣೆಯಿಲ್ಲದ ಬೇರೊಬ್ಬರಿಗೆ ವಹಿಸುವಂತೆ ಕೇಳಿ. ಓದು ಬಾರದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಬೇಕು, ಅಧ್ಯಯನಕ್ಕೆ ಸಂಬಂಧಪಡದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಅಲ್ಲಿದ್ದು ಸಹಿ ಹಾಕಬೇಕು. ಆ ಸಾಕ್ಷಿ ನೀವಾಗಬಾರದು. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೆಂದರೆ, ಒಪ್ಪದಿದ್ದರೂ ಮಾತ್ರೆ ನಿಲ್ಲುವುದಿಲ್ಲ, ತಪಾಸಣೆ ತಪ್ಪುವುದಿಲ್ಲ, ನಡುವೆ ಬಿಡಬೇಕೆನಿಸಿದರೂ ಬಿಡಬಹುದು ಎಂಬುದು. ಸಂಜೆ ಮನೆಯವರ ಜೊತೆ ಮಾತಾಡಿ ನಾಳೆ ಹೇಳಿ ಎಂದು ಬಿಟ್ಟು ಬರುವುದು ಇನ್ನೂ ಒಳ್ಳೆಯದು. ಹೆಬ್ಬೆಟ್ಟುಗಳ ಲೆಕ್ಕದಲ್ಲಿ ನಿಮಗೆ ಪ್ರೋತ್ಸಾಹಧನ ಗೊತ್ತುಮಾಡಿದ್ದರೆ, ಅದನ್ನೂ ಸಮಿತಿಗೆ ತಿಳಿಸಲೇಬೇಕು.

ಫೋನ್ ಹೋಗದ ಹಳ್ಳಿಗಳ ಗರ್ಭಿಣಿಯರ ಬಗ್ಗೆ ನನಗೆ ಹೆಚ್ಚಿನ ಕಾಳಜಿ. ಎಂದಿನ ಆರೈಕೆಯಲ್ಲಿ ಎಳ್ಳಷ್ಟೂ ಕಡಿಮೆಯಾಗಬಾರದು: ದಿನಕ್ಕೊಂದರಂತೆ 180 ದಿನಗಳ ಮಾತ್ರೆ, ಅದನ್ನು ಕಾಫಿ, ಟೀ ಜೊತೆ ನುಂಗಬಾರದೆಂಬ ತಿಳಿವಳಿಕೆ, ಮಲ ಕಪ್ಪಗಾದರೆ ಹೆದರಬೇಡಿ ಎಂಬ ಧೈರ್ಯ ಎಲ್ಲರಿಗೂ ಸಲ್ಲಬೇಕು. ಯಾವ ಹಳ್ಳಿಯವರೇ ಆಗಲಿ, ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದರೆ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕೇ ಹೊರತು, ಲೆಕ್ಕ ಕೆಡುತ್ತದೆಂದು ಮೂರು ತಿಂಗಳು ಕಾಯುವಂತಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯೇ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ 399 ಕಪ್ಪುಜನರನ್ನು, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗದ ಗತಿಯನ್ನು ನೋಡುತ್ತ ಕುಳಿತಿತ್ತು. ಅದನ್ನು ನಡೆಸಿದ್ದು ಕೂಡ ಜನರ ಆರೋಗ್ಯ ಕಾಯುವ ಸರ್ಕಾರಿ ಸಂಸ್ಥೆ ಎಂಬುದನ್ನು ಮರೆಯಬಾರದು.

ಇಷ್ಟು ಹೇಳಿದೆನೆಂದು ಪ್ರಯೋಗವನ್ನೇ ಕೈಬಿಡಬೇಡಿ. ಕೊಟ್ಟ ಮಾತ್ರೆ ಹೊಟ್ಟೆ ತೊಳಸುತ್ತದೆಂದು ಗೂಡಿನಲ್ಲೇ ಉಳಿಯುವುದನ್ನು ನೀವು ದಿನವೂ ಕಾಣುತ್ತೀರಿ. ಒಂದು ಫೋನ್ ಕರೆ ಅದನ್ನು ತಪ್ಪಿಸುತ್ತದೆಯೇ ಎಂದು ತಿಳಿಯುವುದು ಅಗತ್ಯವಾದ ಕೆಲಸ. ಕರೆಯಿಂದ ಉಪಯೋಗವಾದರೆ ಮೂರು ತಿಂಗಳ ನಂತರ ಉಳಿದ ಹಳ್ಳಿಗಳಿಗೂ ಅದನ್ನು ವಿಸ್ತರಿಸುತ್ತೇವೆಂದು ಮೊದಲೇ ಬರೆದಿಡುವಂತೆ ನಿಮ್ಮ ವೈದ್ಯಾಧಿಕಾರಿಗಳನ್ನು ಕೇಳಿ. ಈಗಾಗಲೇ ಹಾಕಿಸಿಕೊಂಡ ಹೆಬ್ಬೆಟ್ಟುಗಳನ್ನು ಬದಿಗಿಟ್ಟು, ಸಮಿತಿಯ ಅನುಮತಿ ಬಂದ ಮೇಲೆ ಹೊಸದಾಗಿ ಕೇಳುವುದೇ ಸರಿ.

ಪ್ರಶ್ನೆ: ಎಂಟನೇ ತರಗತಿಯ ಮಗಳ ಶಾಲೆಯಿಂದ ಬಂದ ಚೀಟಿಯಲ್ಲಿ, ಪೌಷ್ಟಿಕತೆಯ ಅಧ್ಯಯನಕ್ಕಾಗಿ ಮಕ್ಕಳ ರಕ್ತ ತೆಗೆಯಲಾಗುವುದು, ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು ಎಂದಿದೆ. ಇದು ಸರಿಯೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಅಧ್ಯಯನಕ್ಕೆಂದು ರಕ್ತ ತೆಗೆಯುವಾಗ ತಾಯ್ತಂದೆಯರ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ಸರಿಯಲ್ಲ. ನಿಮ್ಮ ಲಿಖಿತ ಒಪ್ಪಿಗೆ ಬೇಕು, ಹನ್ನೆರಡು ದಾಟಿದ ನಿಮ್ಮ ಮಗಳ ಸಮ್ಮತಿಯನ್ನೂ ಬರಹದಲ್ಲೇ ಪಡೆಯಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗೆ ಬರುವ ತಪಾಸಣಾ ತಂಡದ ಕೆಲಸ ಬೇರೆ, ಅದು ಮಕ್ಕಳಿಗೆ ಸಲ್ಲುವ ಸೇವೆ. ಅಧ್ಯಯನ ನಡೆಸುವವರು ಯಾರು, ಯಾವ ನೈತಿಕ ಸಮಿತಿ ಅನುಮತಿ ಕೊಟ್ಟಿದೆ, ಉಳಿದ ರಕ್ತವನ್ನು ಏನು ಮಾಡುತ್ತಾರೆ, ಮಗಳಿಗೆ ರಕ್ತಹೀನತೆ ಕಂಡುಬಂದರೆ ನಿಮಗೆ ತಿಳಿಸುತ್ತಾರೆಯೇ ಎಂದು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ಕೇಳಿ. ಉತ್ತರ ಬಂದ ಮೇಲೆ ಅದನ್ನು ಮಗಳ ಜೊತೆ ಕುಳಿತು ಓದಿ, ಅವಳು ಏನೆನ್ನುತ್ತಾಳೆಂದು ಕೇಳಿದ ನಂತರವೇ ಸಹಿಯ ಮಾತು.